ಅಪ್ಪನಿಗೆ ಏನು ಕೊಡೋಣ?



ಜೂನ್ ತಿಂಗಳ ಮೂರನೇ ಭಾನುವಾರ ಅಪ್ಪಂದಿರ ದಿನ. ನಮ್ಮೂರಲ್ಲಿ ಇದನ್ನು ಯಾರೂ ಹಬ್ಬದ ಹಾಗೆ ಮಾಡುವುದಿಲ್ಲ. ಕಾರಹುಣ್ಣಿಮೆ ದಿನ ಎತ್ತುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ ಪೂಜೆ ಮಾಡುತ್ತೇವೆ. ಆ ಎತ್ತುಗಳ ಹಿಂದೆ ವರ್ಷವೆಲ್ಲಾ ನಡೆಯುವ ಅಪ್ಪನಿಗೂ ಒಂದು ದಿನ ಇರಲಿ, ಅಲ್ಲವೇ?

ಈ ದಿನ ಶುರುವಾದದ್ದು ಅಮೆರಿಕಾ ದೇಶದಲ್ಲಿ. ವಾಷಿಂಗ್ಟನ್ ರಾಜ್ಯದ ಸ್ಪೋಕೇನ್ ಎಂಬ ಊರಿನಲ್ಲಿ ಸೊನೊರಾ ಸ್ಮಾರ್ಟ್ ಡಾಡ್ ಎಂಬ ಮಹಿಳೆ ಇದ್ದರು. ಅವರ ತಾಯಿ ಹೆರಿಗೆಯಲ್ಲಿ ತೀರಿಕೊಂಡಾಗ ತಂದೆ ವಿಲಿಯಂ ಸ್ಮಾರ್ಟ್ ಒಬ್ಬರೇ ಆರು ಮಕ್ಕಳನ್ನು ಸಾಕಿದರು. 1909ರಲ್ಲಿ ಚರ್ಚಿನಲ್ಲಿ ತಾಯಂದಿರ ದಿನದ ಬಗ್ಗೆ ಉಪದೇಶ ಕೇಳಿದಾಗ, ತಂದೆಗೂ ಯಾಕೆ ಒಂದು ದಿನ ಇರಬಾರದು ಎಂದು ಸೊನೊರಾ ಅವರಿಗೆ ಅನ್ನಿಸಿತು. ಅವರ ಪ್ರಯತ್ನದಿಂದ 1910ರ ಜೂನ್ 19ರಂದು ಆ ಊರಿನಲ್ಲಿ ಮೊದಲ ಸಲ ಅಪ್ಪಂದಿರ ದಿನ ನಡೆಯಿತು. ತಂದೆ ಬದುಕಿದ್ದವರು ಕೆಂಪು ಗುಲಾಬಿ ಮುಡಿದರು, ತಂದೆ ಇಲ್ಲದವರು ಬಿಳಿ ಗುಲಾಬಿ ಮುಡಿದರು. ಅಲ್ಲಿಯ ಸರ್ಕಾರ ಅದನ್ನು ಕಾನೂನು ಮಾಡಿದ್ದು 1972ರಲ್ಲಿ. ಅಂದರೆ ಈ ದಿನ ಹುಟ್ಟಿದ್ದು ಅಂಗಡಿಯಲ್ಲಿ ಅಲ್ಲ, ಒಬ್ಬ ಮಗಳ ನೆನಪಿನಲ್ಲಿ.

ಈಗ ಪ್ರಶ್ನೆ, ಅಪ್ಪನಿಗೆ ಏನು ಕೊಡುವುದು? ಕೇಳಿದರೆ ಎಲ್ಲಾ ಅಪ್ಪಂದಿರದೂ ಒಂದೇ ಉತ್ತರ: "ನಂಗೇನೂ ಬೇಡ ಕಣೋ, ನೀನು ಚೆನ್ನಾಗಿ ಓದು ಸಾಕು." ಆದ್ದರಿಂದ ಕೇಳಿ ತಿಳಿಯುವುದು ಆಗದ ಮಾತು. ನೋಡಿ ತಿಳಿಯಬೇಕು.

ನಾನು ಮೊದಲು ತಪ್ಪು ಮಾಡಿದೆ. ಏಳನೇ ತರಗತಿಯಲ್ಲಿದ್ದಾಗ ಅಮ್ಮನ ಹತ್ತಿರ ಹಟ ಮಾಡಿ ದುಡ್ಡು ಇಸಿದುಕೊಂಡು ಸಂತೆಯಿಂದ ಒಂದು ಅಂಗಿ ತಂದೆ. ಅಪ್ಪ ಮೊದಲು ಕೇಳಿದ್ದು, "ಎಷ್ಟು ಕೊಟ್ಟೆ?" ಅಂಗಿ ಭುಜದ ಹತ್ತಿರ ಬಿಗಿಯಾಯಿತು. ಹೊಲಕ್ಕೆ ಹಾಕುವಂತಿಲ್ಲ, ಬಣ್ಣ ಬಹಳ ತಿಳಿ. "ಚೆನ್ನಾಗೈತೆ" ಅಂದು ಟ್ರಂಕಿನಲ್ಲಿ ಇಟ್ಟರು. ಇನ್ನೂ ಅಲ್ಲೇ ಇದೆ. ಯೋಚನೆ ಮಾಡಿದರೆ ಆ ದುಡ್ಡೂ ಅಪ್ಪ ದುಡಿದದ್ದೇ. ಅವರ ದುಡ್ಡಿನಲ್ಲಿ ನನಗೆ ಇಷ್ಟವಾದ ಬಣ್ಣ ತಂದು ಉಡುಗೊರೆ ಅಂತ ಹೆಸರಿಟ್ಟಿದ್ದೆ.

ಅದಕ್ಕೇ ನನಗೆ ಈಗ ತಿಳಿದ ಕ್ರಮ ಹೇಳುತ್ತೇನೆ.

1. ಒಂದು ವಾರ ಅಪ್ಪನನ್ನು ನೋಡಿ. ಬೆಳಿಗ್ಗೆ ಎದ್ದಾಗಿನಿಂದ ರಾತ್ರಿ ಮಲಗುವ ತನಕ ಏನೇನು ಮುಟ್ಟುತ್ತಾರೆ? ಯಾವುದನ್ನು ದಿನಾ ಹುಡುಕುತ್ತಾರೆ? ಯಾವುದು ಹರಿದಿದೆ, ಮುರಿದಿದೆ? "ಇರ್ಲಿ ಬಿಡು, ನಡೀತೈತೆ" ಎಂದು ಯಾವುದಕ್ಕೆ ಅನ್ನುತ್ತಾರೆ? ಆ ಮಾತು ಎಲ್ಲಿ ಬರುತ್ತದೋ ಅಲ್ಲೇ ನಿಮ್ಮ ಉಡುಗೊರೆ ಇದೆ.

2. ನಿಮ್ಮ ಕೈಯಿಂದ ಆಗುವುದನ್ನು ಆರಿಸಿ. ಅಂಗಿಯ ಗುಂಡಿ ಕಿತ್ತಿದ್ದರೆ ಹೊಲಿಯಿರಿ. ಇದು ಹುಡುಗರೂ ಕಲಿಯಬೇಕಾದ ಕೆಲಸ. ಹೊಲಕ್ಕೆ ಬುತ್ತಿ ಕಟ್ಟಿಕೊಂಡು ಹೋಗುವವರಾದರೆ ಬುತ್ತಿ ಬಟ್ಟೆಯ ಮೂಲೆಗೆ ಅವರ ಹೆಸರಿನ ಮೊದಲ ಅಕ್ಷರ ದಾರದಲ್ಲಿ ಹಾಕಿ. ಪಹಣಿ, ರೇಷನ್ ಕಾರ್ಡು, ಆಧಾರ್ ಕಾರ್ಡು, ಬ್ಯಾಂಕಿನ ಪಾಸ್ ಬುಕ್ಕು ಒಂದೊಂದು ಕಡೆ ಬಿದ್ದಿದ್ದರೆ ಹಳೆಯ ಪ್ಯಾಂಟಿನ ಬಟ್ಟೆಯಿಂದ ಒಂದು ಚೀಲ ಹೊಲಿದು ಎಲ್ಲವನ್ನೂ ಅದರಲ್ಲಿ ಜೋಡಿಸಿಡಿ. ಕೆಲಸಕ್ಕೆಂದು ಬೆಂಗಳೂರಿಗೋ ಬೇರೆ ಊರಿಗೋ ಹೋದ ಅಪ್ಪ ಆದರೆ ಒಂದು ಕಾಗದ ಬರೆಯಿರಿ. ಫೋನಿನಲ್ಲಿ ಆಡಿದ ಮಾತು ಅಲ್ಲಿಗೇ ಮುಗಿಯುತ್ತದೆ, ಕಾಗದವನ್ನು ಜೇಬಿನಲ್ಲಿ ಇಟ್ಟುಕೊಂಡು ಇನ್ನೊಂದು ಸಲ ಓದಬಹುದು.

3. ಅಪ್ಪನಿಗೆ ಓದು ಬಾರದಿದ್ದರೆ ಸಹಿ ಮಾಡುವುದನ್ನು ಕಲಿಸಿ. ದಿನಾ ರಾತ್ರಿ ಊಟ ಆದ ಮೇಲೆ ಹತ್ತು ನಿಮಿಷ, ಸ್ಲೇಟು ಬಳಪ ಸಾಕು. ಮೊದಲು ನೀವು ಬರೆದ ಅಕ್ಷರದ ಮೇಲೆ ತಿದ್ದಿಸಿ. ಬೇರೆಯವರ ಎದುರಿಗೆ ಕಲಿಸಬೇಡಿ, ತಪ್ಪಿದರೆ ನಗಬೇಡಿ. ಹೆಬ್ಬೆಟ್ಟು ಒತ್ತುವ ಕಡೆ ಸ್ವಂತ ಹೆಸರು ಬರೆದ ದಿನ ಅವರ ಮುಖ ನೋಡಿ.

ಇನ್ನು ನಾನು ಕೊಟ್ಟ ಉಡುಗೊರೆ. ಹೋದ ವರ್ಷ ಯುಗಾದಿಗೆ ಮನೆಗೆ ಸುಣ್ಣ ಬಳಿಯುವ ಕೆಲಸ ನನ್ನದು ಮತ್ತು ಅಕ್ಕನದು. ಕೊಟ್ಟಿಗೆ ಗೋಡೆಯ ಮೇಲೆ ಇದ್ದಿಲಿನ ಗೆರೆಗಳು ತುಂಬಾ ಇದ್ದವು. ಗಲೀಜು ಅಂದುಕೊಂಡು ಎರಡು ಸಲ ಬಳಿದು ಬೆಳ್ಳಗೆ ಮಾಡಿದೆ. ಅವು ಅಪ್ಪನ ಲೆಕ್ಕ! ಡೈರಿಗೆ ಹಾಕಿದ ಹಾಲು, ಸಾಲ ತಂದ ಹಿಂಡಿ ಮೂಟೆ, ನಡುನಡುವೆ ಕೊಟ್ಟ ದುಡ್ಡು, ಎಲ್ಲಾ ಅಲ್ಲಿ ಇತ್ತು. ಮುಂದಿನ ವಾರ ಅಂಗಡಿಯವರು ನಾಲ್ಕು ಮೂಟೆ ಅಂದರು. ಅಪ್ಪನ ನೆನಪಿನಲ್ಲಿ ಮೂರು. ಯಾರದು ಸರಿಯೋ ನನಗೆ ಗೊತ್ತಿಲ್ಲ. ಅಪ್ಪ ನಾಲ್ಕಕ್ಕೆ ದುಡ್ಡು ಕೊಟ್ಟು ಬಂದರು. "ಬರೆದದ್ದೇ ಇಲ್ಲ, ಏನಂತ ಜಗಳ ಆಡೋದು" ಅಂದರು. ಗೋಡೆಗೆ ಸುಣ್ಣ ಬಳಿದದ್ದು ಯಾರು ಎಂದು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಜೂನ್ ಬಂದಾಗ ಏನು ಕೊಡಬೇಕೆಂದು ಯೋಚಿಸುವುದೇ ಬೇಕಾಗಲಿಲ್ಲ. ಹಳೆಯ ನೋಟ್ ಪುಸ್ತಕಗಳಲ್ಲಿ ಉಳಿದ ಖಾಲಿ ಹಾಳೆ ಬಿಡಿಸಿ, ಗೋಣಿ ಹೊಲಿಯುವ ದಬ್ಬಳದಿಂದ ಮಧ್ಯೆ ಹೊಲಿದೆ. ಕ್ಯಾಲೆಂಡರಿನ ದಪ್ಪ ಹಾಳೆ ಮಡಿಚಿ ಮೈದಾ ಅಂಟಿನಿಂದ ರಟ್ಟು ಮಾಡಿದೆ. ಪ್ರತಿ ಪುಟಕ್ಕೂ ಸ್ಕೇಲಿನಿಂದ ಗೆರೆ ಹಾಕಿದೆ: ದಿನಾಂಕ, ಬೆಳಿಗ್ಗೆ ಹಾಲು, ಸಂಜೆ ಹಾಲು, ತಂದದ್ದು, ಕೊಟ್ಟದ್ದು, ಬಾಕಿ. ಪೆನ್ಸಿಲಿಗೆ ದಾರ ಕಟ್ಟಿ ಪುಸ್ತಕಕ್ಕೆ ಸೇರಿಸಿದೆ, ಕಳೆಯಬಾರದು ಅಂತ. ಮೊಳೆಗೆ ತೂಗು ಹಾಕಲು ಮೇಲೆ ಒಂದು ಕುಣಿಕೆ.

ಆದರೆ ಮೊದಲ ಪುಟ ಖಾಲಿ ಉಳಿಯಿತು. ಆಗ ನೆನಪಾದದ್ದು ನಮ್ಮ ಮೇಷ್ಟ್ರು ಹೇಳಿದ ಗಾಂಧೀಜಿಯವರ ಕಥೆ. ಹದಿನೈದು ವರ್ಷದ ಹುಡುಗನಾಗಿದ್ದಾಗ ಅವರು ಸಾಲ ತೀರಿಸಲು ಅಣ್ಣನ ಕೈಕಡಗದಿಂದ ಸ್ವಲ್ಪ ಚಿನ್ನ ಕದ್ದಿದ್ದರು. ಬಾಯಿಂದ ಹೇಳಲು ಧೈರ್ಯ ಬರದೆ ಒಂದು ಚೀಟಿಯಲ್ಲಿ ತಪ್ಪು ಒಪ್ಪಿಕೊಂಡು, ಶಿಕ್ಷೆ ಕೊಡಿ ಎಂದು ಬರೆದು, ಕಾಯಿಲೆಯಿಂದ ಮಲಗಿದ್ದ ತಂದೆಯ ಕೈಗೆ ಕೊಟ್ಟರು. ತಂದೆ ಎದ್ದು ಕೂತು ಓದಿದರು. ಕಣ್ಣೀರು ಬಿದ್ದು ಚೀಟಿ ನೆನೆಯಿತು. ಒಂದು ಮಾತೂ ಬೈಯದೆ ಚೀಟಿ ಹರಿದು ಹಾಕಿದರು. ಗಾಂಧೀಜಿ ಇದನ್ನು ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. 1885ರಲ್ಲಿ ಅವರ ತಂದೆ ತೀರಿಕೊಂಡರು. ಆ ಚೀಟಿಯನ್ನು ಮಾತ್ರ ಮಗ ಕೊನೆಯವರೆಗೂ ಮರೆಯಲಿಲ್ಲ.

ನಾನೂ ಮೊದಲ ಪುಟದಲ್ಲಿ ಬರೆದೆ: "ಅಪ್ಪಾ, ಗೋಡೆ ಲೆಕ್ಕ ಅಳಿಸಿದ್ದು ನಾನೇ. ಗೊತ್ತಿಲ್ಲದೆ ಮಾಡಿದೆ. ಇನ್ನು ಮುಂದೆ ಇದರಲ್ಲಿ ಬರೆಯೋಣ." ಭಾನುವಾರ ಸಂಜೆ ಕೊಟ್ಟೆ. ಅಪ್ಪ ಓದಿದರು. ಸ್ವಲ್ಪ ಹೊತ್ತು ಸುಮ್ಮನೆ ಇದ್ದು, "ನಂಗೆ ಗೊತ್ತಿತ್ತು ಕಣೋ, ನಿನ್ನ ಕೈಯೆಲ್ಲಾ ಸುಣ್ಣ ಇತ್ತಲ್ಲ" ಅಂದರು. ಆಮೇಲೆ ಪೆನ್ಸಿಲ್ ಹಿಡಿದು ಆ ಸಂಜೆಯ ಹಾಲು ಬರೆದರು. ಆ ಪುಸ್ತಕ ಈಗ ತುಂಬಿದೆ. "ಇನ್ನೊಂದು ಹೊಲಿದುಕೊಡು, ಬಾಕಿ ಗೆರೆ ಸ್ವಲ್ಪ ಅಗಲ ಇರ್ಲಿ" ಎಂದು ಮೊನ್ನೆ ಅವರೇ ಕೇಳಿದರು. ಟ್ರಂಕಿನ ಅಂಗಿಯನ್ನು ಒಂದು ದಿನವೂ ಕೇಳಿರಲಿಲ್ಲ.

ನಮ್ಮ ಶಾಲೆಯಲ್ಲಿ ಅಪ್ಪ ಇಲ್ಲದ ಗೆಳೆಯರೂ ಇದ್ದಾರೆ. ಅಪ್ಪನ ಜಾಗದಲ್ಲಿ ನಿಂತು ಸಾಕುವ ಅಮ್ಮ, ಅಜ್ಜ, ಮಾವ, ಅಣ್ಣ ಯಾರೇ ಇರಲಿ, ಅವರಿಗೂ ಇದೇ ಕ್ರಮ. ಮೊದಲು ಒಂದು ವಾರ ನೋಡಿ.

ದುಡ್ಡು ಇದ್ದರೆ ಮಾತ್ರ ಉಡುಗೊರೆ ಎಂದು ತಿಳಿಯಬೇಡಿ. ನಮ್ಮನ್ನು ದಿನಾ ನೋಡಿಕೊಳ್ಳುವವರನ್ನು ನಾವೂ ಒಂದು ವಾರ ಸರಿಯಾಗಿ ನೋಡಿದರೆ, ಕೊಡಬೇಕಾದ್ದು ತಾನಾಗಿಯೇ ಕಾಣುತ್ತದೆ. ನೀವು ಏನು ಕೊಟ್ಟಿರಿ, ಅವರು ಏನು ಅಂದರು ಎಂಬುದನ್ನು ಅರ್ಧ ಪುಟದಲ್ಲಿ ಬರೆದು ಕೊಡಿ. ಮುಂದಿನ ಸಂಚಿಕೆಯಲ್ಲಿ ಹಾಕೋಣ.

– 9ನೇ ತರಗತಿಯ ಒಬ್ಬ ವಿದ್ಯಾರ್ಥಿ