ಮೇಣದ ಬತ್ತಿಯ ಕಲೆ ತೆಗೆಯುವುದು ಹೇಗೆ?

ಈಸ್ಟರ್ ಜಾಗರಣೆಯ ರಾತ್ರಿ ಕೈಯಲ್ಲಿ ಹಿಡಿಯುವ ಮೇಣದ ಬತ್ತಿ, ನವೆಂಬರ್ 2ರಂದು ಸಮಾಧಿಗಳ ಬಳಿ ಹಚ್ಚುವ ಬತ್ತಿ, ಕರೆಂಟು ಹೋದಾಗ ಮೇಜಿನ ಮೇಲೆ ನಿಲ್ಲಿಸುವ ಬತ್ತಿ - ಇವೆಲ್ಲ ಬೆಳಕಿನ ಜೊತೆಗೆ ಸೀರೆ, ಪ್ಯಾಂಟು, ಮೇಜುಬಟ್ಟೆಗಳ ಮೇಲೆ ಮೇಣವನ್ನೂ ಬೀಳಿಸುತ್ತವೆ. ಬಿದ್ದ ಕೂಡಲೇ ಬಟ್ಟೆಯನ್ನು ಉಜ್ಜುವುದು ಅಥವಾ ನೇರವಾಗಿ ಬಿಸಿನೀರಿಗೆ ಹಾಕುವುದು ಅನೇಕರ ರೂಢಿ. ಬಟ್ಟೆ ಹಾಳಾಗುವುದು ಹೆಚ್ಚಾಗಿ ಈ ಅವಸರದಿಂದಲೇ.

ಮೇಣವೆಂದರೆ ಏನು?

ಇಂದು ಅಂಗಡಿಯಲ್ಲಿ ಸಿಗುವ ಹೆಚ್ಚಿನ ಬತ್ತಿಗಳು ಪೆಟ್ರೋಲಿಯಂನಿಂದ ದೊರೆಯುವ ಪ್ಯಾರಾಫಿನ್ ಮೇಣದವು. ಇದು ಸಾಮಾನ್ಯವಾಗಿ 50ರಿಂದ 65 ಡಿಗ್ರಿ ಸೆಲ್ಸಿಯಸ್ ಒಳಗೆ ಕರಗುತ್ತದೆ. ಜೇನುಮೇಣ ಕರಗುವುದು ಸುಮಾರು 62ರಿಂದ 64 ಡಿಗ್ರಿಯಲ್ಲಿ. ಎರಡೂ ನೀರಿನಲ್ಲಿ ಬೆರೆಯುವುದಿಲ್ಲ. ಆದ್ದರಿಂದ ತಣ್ಣೀರು, ಸಾಬೂನು ಮಾತ್ರ ಬಳಸಿದರೆ ಕಲೆ ಹೋಗದು. ಬಟ್ಟೆಯನ್ನು ಬಿಸಿನೀರಿನ ಬಕೆಟ್ಟಿಗೋ ವಾಷಿಂಗ್ ಮೆಷೀನಿಗೋ ಹಾಕಿದರೆ ಮೇಣ ಕರಗಿ ಉಳಿದ ಬಟ್ಟೆಗಳಿಗೂ ಹರಡಿ, ಆರಿದ ಮೇಲೆ ಮತ್ತೆ ಅಂಟಿಕೊಳ್ಳುತ್ತದೆ.

ನೆನಪಿಡಬೇಕಾದ ಕ್ರಮ ಇಷ್ಟೇ: ಮೊದಲು ತಂಪು ಮಾಡಿ ಕೆರೆಯಬೇಕು, ಆಮೇಲೆ ಬಿಸಿ ಮಾಡಿ ಹೀರಿಸಬೇಕು, ಕೊನೆಗೆ ತೊಳೆಯಬೇಕು.

ಬಳ್ಳಾರಿಯ ಬಿಸಿಲಿನಲ್ಲಿ

ಕರಾವಳಿಯಿಂದ ಬಳ್ಳಾರಿ, ಸಿರುಗುಪ್ಪ, ಕುರುಗೋಡು ಕಡೆಗೆ ಕೆಲಸಕ್ಕೆ ಹೋಗಿ ನೆಲೆಸಿದವರು ಒಂದು ವ್ಯತ್ಯಾಸವನ್ನು ಗಮನಿಸಬೇಕು. ಅಲ್ಲಿ ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವುದು ಸಾಮಾನ್ಯ. ಕರಗುವ ಮಟ್ಟಕ್ಕೆ ಮುಟ್ಟುವ ಮೊದಲೇ ಮೇಣ ಮೆತ್ತಗಾಗುತ್ತದೆ, ಕಿಟಕಿಯ ಬಳಿ ನಿಲ್ಲಿಸಿದ ಬತ್ತಿ ಬಾಗುತ್ತದೆ. ಬಟ್ಟೆಯ ಮೇಲೆ ಬಿದ್ದ ಮೇಣವೂ ತಾನಾಗಿ ಗಟ್ಟಿಯಾಗದೆ ಜಿಗುಟಾಗಿಯೇ ಉಳಿಯುತ್ತದೆ. ಅದನ್ನು ಉಗುರಿನಿಂದ ಕೆರೆದರೆ ಎಳೆಗಳ ಒಳಕ್ಕೆ ಇಳಿಯುತ್ತದೆ. ಆದ್ದರಿಂದ ಅಲ್ಲಿ ಮಂಜುಗಡ್ಡೆ ಬೇಕೇ ಬೇಕು. ಮಂಜುಗಡ್ಡೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕಲೆಯ ಮೇಲೆ ಕೆಲವು ನಿಮಿಷ ಇಡಿ, ಇಲ್ಲವೇ ಬಟ್ಟೆಯನ್ನೇ ಮಡಚಿ ಫ್ರಿಜ್ಜಿನ ಫ್ರೀಜರಿನಲ್ಲಿ ಅರ್ಧ ಗಂಟೆ ಇಡಿ. ಮೇಣ ಗಟ್ಟಿಯಾಗಿ ಸುಲಭವಾಗಿ ಮುರಿಯುತ್ತದೆ.

ಜೀನ್ಸ್ ಮತ್ತು ಹತ್ತಿ ಬಟ್ಟೆ

ಬಳ್ಳಾರಿ ಜೀನ್ಸ್ ಉಡುಪುಗಳಿಗೆ ಹೆಸರಾದ ಊರು. ಜೀನ್ಸ್ ದಪ್ಪ ಹತ್ತಿ ಬಟ್ಟೆಯಾದ್ದರಿಂದ ಇಸ್ತ್ರಿಯ ಬಿಸಿಯನ್ನು ತಾಳುತ್ತದೆ. ಗಟ್ಟಿಯಾದ ಮೇಣವನ್ನು ಚಮಚದ ಅಂಚಿನಿಂದ ಕೆರೆದು ತೆಗೆದ ಮೇಲೆ, ಕಲೆಯ ಕೆಳಗೂ ಮೇಲೂ ಮುದ್ರಣವಿಲ್ಲದ ಕಾಗದ ಅಥವಾ ಟಿಶ್ಯೂ ಇಟ್ಟು, ಕಡಿಮೆ ಬಿಸಿಯ ಇಸ್ತ್ರಿಯನ್ನು ಹಗುರವಾಗಿ ಒತ್ತಿ. ಕರಗಿದ ಮೇಣವನ್ನು ಕಾಗದ ಹೀರುತ್ತದೆ. ಕಾಗದದಲ್ಲಿ ಎಣ್ಣೆಯಂಥ ಕಲೆ ಕಾಣುವುದು ನಿಲ್ಲುವವರೆಗೆ ಹೊಸ ಕಾಗದ ಬದಲಿಸುತ್ತಿರಿ. ಹಳೆಯ ದಿನಪತ್ರಿಕೆ ಬಳಸಬೇಡಿ, ಅದರ ಶಾಯಿ ಬಟ್ಟೆಗೆ ಹತ್ತಬಹುದು. ಬಣ್ಣದ ಬತ್ತಿಯ ಬಣ್ಣ ಉಳಿದಿದ್ದರೆ, ಬಟ್ಟೆಯ ಒಳಮಡಿಕೆಯಲ್ಲಿ ಮೊದಲು ಪರೀಕ್ಷಿಸಿ ನೋಡಿ, ಹತ್ತಿಯಲ್ಲಿ ಸ್ವಲ್ಪ ಸ್ಪಿರಿಟ್ ಅದ್ದಿ ಒತ್ತಿ ತೆಗೆಯಿರಿ. ಸ್ಪಿರಿಟ್ ಬೇಗ ಹೊತ್ತಿಕೊಳ್ಳುವುದರಿಂದ ಹತ್ತಿರ ಬೆಂಕಿ ಇರಬಾರದು. ಅದು ಪೂರ್ತಿ ಆರುವ ತನಕ ಇಸ್ತ್ರಿಯನ್ನೂ ತಾಗಿಸಬಾರದು. ಕೊನೆಗೆ ಎಂದಿನಂತೆ ಒಗೆಯಿರಿ.

ರೇಷ್ಮೆ, ಪಾಲಿಯೆಸ್ಟರ್ ಬಟ್ಟೆಗಳಿಗೆ ಹೆಚ್ಚು ಬಿಸಿ ಆಗದು. ಇಸ್ತ್ರಿಯನ್ನು ತೀರಾ ಕಡಿಮೆ ಬಿಸಿಯಲ್ಲಿಟ್ಟು, ನಡುವೆ ತೆಳು ಬಟ್ಟೆ ಹಾಸಿಕೊಳ್ಳಿ. ಬೆಲೆಬಾಳುವ ಸೀರೆಯಾದರೆ ಡ್ರೈಕ್ಲೀನಿಂಗ್‌ಗೆ ಕೊಡುವುದೇ ಲೇಸು. ಮೇಣದ ಕಲೆ ಎಂದು ಅಂಗಡಿಯವರಿಗೆ ಮೊದಲೇ ತಿಳಿಸಿ.

ಬಳ್ಳಾರಿ ಜಿಲ್ಲೆಯ ಸಂಡೂರಿನ ಲಂಬಾಣಿ ಕಸೂತಿಯಲ್ಲಿ ಕನ್ನಡಿ ಚೂರುಗಳನ್ನು ದಾರದಿಂದ ಹಿಡಿದಿಟ್ಟಿರುತ್ತಾರೆ. ಇದನ್ನು ಚಮಚದಿಂದ ಕೆರೆದರೆ ದಾರ ಕಿತ್ತುಬರುತ್ತದೆ. ಮೇಣವನ್ನು ತಂಪು ಮಾಡಿ ಬೆರಳಿನಿಂದ ಪುಡಿ ಮಾಡಿ ಕೊಡವಬೇಕು. ಉಳಿದದ್ದಕ್ಕೆ ಬಟ್ಟೆಯನ್ನು ಕಾಗದದ ಮೇಲೆ ಮಗುಚಿ ಹಾಕಿ, ಹಿಂಬದಿಯಿಂದ ಮಾತ್ರ ನಸುಬಿಸಿ ಕೊಡಬೇಕು.

ನೆಲ, ಮೇಜು, ಬತ್ತಿಯ ಕಂಬ

ಕಲ್ಲಿನ ನೆಲದ ಮೇಲಿನ ಮೇಣವನ್ನು ಕಬ್ಬಿಣದ ಚಾಕುವಿನಿಂದ ಕೆರೆದರೆ ಗೆರೆ ಬೀಳುತ್ತದೆ. ಪ್ಲಾಸ್ಟಿಕ್ ಪಟ್ಟಿ ಅಥವಾ ಹಳೆಯ ಎಟಿಎಂ ಕಾರ್ಡು ಸಾಕು. ಮರದ ಮೇಜಿಗೆ ಹೇರ್ ಡ್ರೈಯರ್‌ನ ನಸುಬಿಸಿ ಗಾಳಿ ಹಿಡಿದು ಮೆತ್ತನೆಯ ಬಟ್ಟೆಯಿಂದ ಒರೆಸಿ.

ಹಿತ್ತಾಳೆ ಕಂಬವನ್ನು ಹಳೆಯ ಪಾತ್ರೆಯಲ್ಲಿಟ್ಟು ಬಿಸಿನೀರು ಸುರಿದರೆ ಮೇಣ ಕರಗಿ ಮೇಲೆ ತೇಲುತ್ತದೆ, ಏಕೆಂದರೆ ಅದು ನೀರಿಗಿಂತ ಹಗುರ. ನೀರು ಆರಿದ ಮೇಲೆ ಮೇಣವನ್ನು ಬಿಲ್ಲೆಯಂತೆ ಎತ್ತಿ ತೆಗೆಯಬಹುದು. ಆ ಬಿಸಿನೀರನ್ನು ಸಿಂಕಿಗೆ ಮಾತ್ರ ಸುರಿಯಬೇಡಿ. ಪೈಪಿನೊಳಗೆ ಮೇಣ ಗಟ್ಟಿಯಾಗಿ ನೀರು ಕಟ್ಟಿಕೊಳ್ಳುತ್ತದೆ.

ಬಟ್ಟೆಗಿಂತ ಮೊದಲು ಕೈ

ಮೇಣ ತೆಗೆಯಲು ಪೆಟ್ರೋಲ್, ಸೀಮೆಎಣ್ಣೆ ಬಳಸುವುದು ಅಪಾಯಕಾರಿ. ಮೇಣವನ್ನು ಒಲೆಯ ಮೇಲೆ ನೇರವಾಗಿ ಕಾಯಿಸಬಾರದು. ಅಕಸ್ಮಾತ್ ಅದಕ್ಕೆ ಬೆಂಕಿ ಹತ್ತಿದರೆ ನೀರು ಎರಚಲೇಬಾರದು. ನೀರು ಕ್ಷಣದಲ್ಲಿ ಆವಿಯಾಗಿ ಉರಿಯುವ ಮೇಣವನ್ನು ಸುತ್ತಲೂ ಸಿಡಿಸುತ್ತದೆ. ಒಲೆ ಆರಿಸಿ, ಪಾತ್ರೆಗೆ ಮುಚ್ಚಳ ಮುಚ್ಚಬೇಕು.

ಬಿಸಿ ಮೇಣ ಮಕ್ಕಳ ಕೈಮೇಲೆ ಬಿದ್ದರೆ ಅಂಗಿಯ ಚಿಂತೆ ಬಿಡಿ. ಸುಟ್ಟ ಜಾಗವನ್ನು 20 ನಿಮಿಷ ಹರಿಯುವ ತಣ್ಣೀರಿನಲ್ಲಿ ಹಿಡಿಯಿರಿ. ಚರ್ಮಕ್ಕೆ ಅಂಟಿದ ಮೇಣವನ್ನು ಎಳೆದು ಕೀಳಬೇಡಿ, ಮಂಜುಗಡ್ಡೆ ಒತ್ತಬೇಡಿ, ಬೊಬ್ಬೆ ಒಡೆಯಬೇಡಿ. ಗಾಯ ದೊಡ್ಡದಾಗಿದ್ದರೆ ಅಥವಾ ಮುಖಕ್ಕೆ ತಾಗಿದ್ದರೆ ಕೂಡಲೇ ವೈದ್ಯರ ಬಳಿಗೆ ಹೋಗಬೇಕು.

ಬತ್ತಿಯ ಬುಡಕ್ಕೆ ದಪ್ಪ ಕಾಗದದ ಬಟ್ಟಲು ತೊಡಿಸಿದರೆ ಅರ್ಧ ತೊಂದರೆ ಅಲ್ಲೇ ತಪ್ಪುತ್ತದೆ. ಮುಂದಿನ ಮೆರವಣಿಗೆಗೆ ಹೊರಡುವ ಮೊದಲು, ವಿಶೇಷವಾಗಿ ಚಿಕ್ಕ ಮಕ್ಕಳ ಕೈಯಲ್ಲಿರುವ ಬತ್ತಿಗಳಿಗೆ, ಇದನ್ನು ಮರೆಯದೆ ಮಾಡಿ.