ಹುಸಿ ಮೀನುಗಳ ಪೆಟ್ಟಿಗೆ

ಮಾರ್ಚ್ ತಿಂಗಳ ಕೊನೆ. ವಿಸ್ಕಾನ್ಸಿನ್ ಸೀಮೆಯ ಉತ್ತರ ಭಾಗದ ಕೆರೆಗಳ ಮೇಲೆ ಹೆಪ್ಪುಗಟ್ಟಿದ ನೀರು ಇನ್ನೂ ಕರಗಿಲ್ಲ. ಇಲ್ಲಿ ಮಸ್ಕಿ ಮೀನಿಗೆ ಗಾಳ ಹಾಕಲು ಸರಕಾರದ ಅಪ್ಪಣೆ ದೊರೆಯುವುದು ಮೇ ತಿಂಗಳು ಮುಗಿಯುವ ಹೊತ್ತಿಗೆ. ಎಂದರೆ ಇನ್ನೂ ಎರಡು ತಿಂಗಳುಂಟು. ಆದರೂ ನಾನು ಊಟದ ಮೇಜಿನ ಮೇಲೆ ಹಳೆಯ ಪತ್ರಿಕೆಗಳನ್ನು ಹಾಸಿ, ಪೆಟ್ಟಿಗೆಯಲ್ಲಿದ್ದ ಹುಸಿ ಎರೆಗಳನ್ನೆಲ್ಲ ಅದರ ಮೇಲೆ ಹರಡಿಕೊಂಡು ಕುಳಿತಿದ್ದೇನೆ. ಮರದವು, ಲೋಹದವು, ರಬ್ಬರಿನವು; ಜಿಂಕೆಯ ಬಾಲದ ಕೂದಲು ಕಟ್ಟಿದವು. ಒಟ್ಟು ಮೂವತ್ತೇಳು. ಈ ವರ್ಷ ದೋಣಿಯಲ್ಲಿ ಜೊತೆಗೆ ಬರಬೇಕಾದವು ಯಾವುವು, ಮನೆಯಲ್ಲಿ ಉಳಿಯಬೇಕಾದವು ಯಾವುವು ಎಂಬುದು ಈಗಿನ ವಿಚಾರ.

ಹುಟ್ಟಿನಿಂದ ಸಸ್ಯಾಹಾರಿಯಾದ ಈ ಮನುಷ್ಯನಿಗೆ ಇದೆಂತಹ ಹವ್ಯಾಸ ಎಂದು ವಾಚಕರು ಕೇಳಬಹುದು. ನನ್ನ ಹೆಂಡತಿ ಇಪ್ಪತ್ತು ವರ್ಷಗಳಿಂದಲೂ ಅದನ್ನೇ ಕೇಳುತ್ತಿದ್ದಾಳೆ. "ಅಲ್ಲಾಂದ್ರೆ, ತಿನ್ನೋದಿಲ್ಲ, ಮಾರೋದಿಲ್ಲ. ಹಿಡಿದು ಮತ್ತೆ ಬಿಟ್ಟುಬಿಡ್ತೀರಿ. ಹಾಗಾದ್ರೆ ಹಿಡಿಯೋದು ಯಾಕೆ?" ನಾನು ಇದುವರೆಗೆ ಕೊಟ್ಟ ಉತ್ತರಗಳಲ್ಲಿ ಒಂದೂ ಆಕೆಗೆ ಒಪ್ಪಿಗೆಯಾಗಿಲ್ಲ, ನಿಜ ಹೇಳಬೇಕೆಂದರೆ ನನಗೂ ಆಗಿಲ್ಲ.

ಮೊದಲು ಮೀನಿನ ಪರಿಚಯ. ಪೈಕ್ ಎಂಬ ಮೀನಿನ ಕುಲದಲ್ಲಿ ಎಲ್ಲಕ್ಕಿಂತ ದೊಡ್ಡದು ಈ ಮಸ್ಕಿ. ಮಸ್ಕೆಲಂಜ್ ಎಂಬುದು ಪೂರ್ಣ ನಾಮ. ಈ ಹೆಸರು ಇಲ್ಲಿನ ಮೂಲನಿವಾಸಿಗಳಾದ ಒಜಿಬ್ವೆ ಜನರ ಭಾಷೆಯಿಂದ ಬಂದದ್ದು. 'ದೊಡ್ಡ ಪೈಕ್' ಎಂದು ಕೆಲವರು, 'ವಿಕಾರವಾದ ಪೈಕ್' ಎಂದು ಕೆಲವರು ಅರ್ಥ ಹೇಳುತ್ತಾರೆ. ಉದ್ದನೆಯ ದೇಹ, ಬಾತುಕೋಳಿಯ ಕೊಕ್ಕಿನಂತೆ ಚಪ್ಪಟೆಯಾದ ಮೂತಿ, ಬಾಯಿ ತುಂಬ ಹಲ್ಲು. 1955ರಿಂದ ಇದು ವಿಸ್ಕಾನ್ಸಿನ್ನಿನ ರಾಜ್ಯಮೀನು. ಹೇವರ್ಡ್ ಎಂಬ ಸಣ್ಣ ಊರಿನಲ್ಲಿ 143 ಅಡಿ ಉದ್ದದ ಮಸ್ಕಿಯ ಮೂರ್ತಿಯನ್ನೇ ಕಟ್ಟಿ ನಿಲ್ಲಿಸಿದ್ದಾರೆ. ಮೆಟ್ಟಿಲೇರಿ ಹೋಗಿ ಅದರ ಬಾಯೊಳಗೆ ನಿಂತು ಊರನ್ನು ನೋಡಬಹುದು. 'ಹತ್ತು ಸಾವಿರ ಎಸೆತಗಳ ಮೀನು' ಎಂಬುದು ಇದಕ್ಕಿರುವ ಬಿರುದು. ಹತ್ತು ಸಾವಿರ ಸಲ ಎರೆಯನ್ನು ಎಸೆದು ಎಳೆದರೆ ಒಮ್ಮೆ ಸಿಕ್ಕೀತು ಎಂದು ಅರ್ಥ. ನನ್ನ ಅನುಭವದಲ್ಲಿ ಇದು ತೀರ ಉತ್ಪ್ರೇಕ್ಷೆಯಲ್ಲ.

ಕನ್ನಡಿಗನ ಕಿವಿಗೆ ಮಸ್ಕಿ ಎಂದರೆ ರಾಯಚೂರು ಜಿಲ್ಲೆಯ ಊರು. 1915ರಲ್ಲಿ ಅಶೋಕನ ಹೆಸರನ್ನೇ ಹೊತ್ತ ಶಾಸನ ದೊರೆತ ಸ್ಥಳ. ಹೆಸರಿನ ಹೋಲಿಕೆ ಬರಿಯ ಆಕಸ್ಮಿಕ, ಬಲ್ಲೆ. ಆದರೆ ಒಂದು ಸಂಗತಿಯನ್ನು ನೆನೆದಾಗಲೆಲ್ಲ ನನಗೆ ಕೌತುಕವಾಗುತ್ತದೆ. ಅದೇ ಅಶೋಕನು ತನ್ನ ಐದನೆಯ ಸ್ತಂಭಶಾಸನದಲ್ಲಿ, ಮೂರು ಚಾತುರ್ಮಾಸ್ಯಗಳ ಹುಣ್ಣಿಮೆಗಳಲ್ಲಿಯೂ ತಿಷ್ಯ ನಕ್ಷತ್ರದ ಹುಣ್ಣಿಮೆಯಲ್ಲಿಯೂ ಉಪವಾಸದ ದಿನಗಳಲ್ಲಿಯೂ ಮೀನನ್ನು ಕೊಲ್ಲಕೂಡದು, ಮಾರಕೂಡದು ಎಂದು ಕಟ್ಟಳೆ ಮಾಡಿದ್ದಾನೆ. ವಿಸ್ಕಾನ್ಸಿನ್ ಸರಕಾರವಾದರೋ ಮೊಟ್ಟೆಯಿಡುವ ಕಾಲವನ್ನು ನೋಡಿ ದಿನ ಗೊತ್ತುಮಾಡುತ್ತದೆ. ಅವನದು ಧರ್ಮ, ಇವರದು ಲೆಕ್ಕ. ಮೀನಿಗೆ ಎರಡೂ ಒಂದೇ.

ನಮ್ಮ ಕಾವೇರಿಯಲ್ಲಿ ಮಹಶೀರ್ ಮೀನಿಗೆ ಬಳಸುತ್ತಿದ್ದ ಎರೆ ಬೇಯಿಸಿದ ರಾಗಿಹಿಟ್ಟಿನ ಉಂಡೆ. ಮೈಸೂರಿನ ವಾನ್ ಇಂಗೆನ್ ಮನೆತನದವರೊಬ್ಬರು 1946ರಲ್ಲಿ ಕಬಿನಿಯಲ್ಲಿ ಹಿಡಿದ ಮಹಶೀರ್ 120 ಪೌಂಡು ತೂಗಿತ್ತು. ರಾಗಿಯ ಉಂಡೆಯಲ್ಲಿ ಒಂದು ಬಗೆಯ ಪ್ರಾಮಾಣಿಕತೆ ಉಂಟು: ಒಳಗೆ ಗಾಳ ಅಡಗಿದ್ದರೂ ಹೊರಗಿರುವುದು ತಿನ್ನುವ ವಸ್ತುವೇ. ನನ್ನ ಮೇಜಿನ ಮೇಲಿರುವುವು ಆದಿಯಿಂದ ಅಂತ್ಯದವರೆಗೆ ಸುಳ್ಳು. ಮಸ್ಕಿ ಹಸಿವಿನಿಂದಲೇ ಇವನ್ನು ಕಚ್ಚುತ್ತದೆಯೋ, ಕೋಪದಿಂದಲೋ, ಕೇವಲ ಕುತೂಹಲದಿಂದಲೋ ಎಂಬ ಚರ್ಚೆ ಇಲ್ಲಿನ ಹೋಟೆಲುಗಳಲ್ಲಿ ಎಂದೂ ಮುಗಿಯುವುದಿಲ್ಲ.

ಆಯ್ಕೆ ಮಾಡುವಾಗ ಮೊದಲು ನೆನೆಯಬೇಕಾದದ್ದು ನೀರನ್ನು. ನಮ್ಮ ಹತ್ತಿರದ ಕೆರೆಯ ನೀರು, ಸುತ್ತಲಿನ ಜವುಗುನೆಲದಿಂದ ಇಳಿದು ಬರುವ ಎಲೆ ಬೇರುಗಳ ಸಾರದಿಂದ, ತಿಳಿಯಾದ ಕಾಫಿ ಡಿಕಾಕ್ಷನ್ನಿನ ಬಣ್ಣದ್ದು. ಅದರಲ್ಲಿ ಬೆಳ್ಳಿಯ ಬಣ್ಣದ ನಾಜೂಕು ಕಾಣಿಸದು. ಕಪ್ಪು ಬಾಲ, ಕಿತ್ತಳೆ ಬಣ್ಣದ ತಗಡು ಇದ್ದರೆ ವಾಸಿ. ಕೆಳಗಿನಿಂದ ನೋಡುವ ಮೀನಿಗೆ ಕಪ್ಪು ಆಕಾರ ಬೆಳಕಿನ ಎದುರು ಎದ್ದು ತೋರುತ್ತದೆ. ತಗಡು ತಿರುಗುವಾಗ ಹುಟ್ಟುವ ಕಂಪನವನ್ನು ಮೀನು ತನ್ನ ಮೈಯ ಪಕ್ಕದಲ್ಲಿ ಸಾಗುವ ರೇಖೆಯಿಂದಲೇ ಅರಿಯುತ್ತದೆ. ತಿಳಿನೀರಿನ ಕೆರೆಗಾದರೆ ಬಿಳುಪು, ಬೆಳ್ಳಿ.

ಅನಂತರ ಕಾಲ. ಮೇ ಕೊನೆಯಲ್ಲಿ ಮಸ್ಕಿಗಳು ಮೊಟ್ಟೆಯಿಟ್ಟು ಬಳಲಿರುತ್ತವೆ, ನೀರೂ ತಣ್ಣಗಿರುತ್ತದೆ. ಆಗ ಸಣ್ಣ ಎರೆಯನ್ನು ನಿಧಾನವಾಗಿ ಎಳೆಯಬೇಕು. ಬೇಸಿಗೆ ಏರಿದಂತೆ ಎರೆಯ ಗಾತ್ರವೂ ವೇಗವೂ ಏರುತ್ತವೆ. ಶರತ್ಕಾಲಕ್ಕೆ ರಬ್ಬರಿನ ಭಾರಿ ಎರೆಗಳು. ಒಂದು ಪೌಂಡು ತೂಗುವುವೂ ಉಂಟು, ದಿನವಿಡೀ ಎಸೆದರೆ ಮಾರನೆಯ ದಿನ ತೋಳು ನಮ್ಮದಲ್ಲ. ನನಗೆ ಹೆಚ್ಚು ಪ್ರೀತಿ ಇಲ್ಲಿಯವನೇ ಆದ ಫ್ರಾಂಕ್ ಸ್ಯೂಯಿಕ್ ಎಂಬುವನು ರೂಪಿಸಿದ ಮರದ ಎರೆ. ಚಪ್ಪಟೆಯಾದ ಹಲಗೆಯ ತುಂಡು, ಹಿಂದೆ ಒಂದು ಲೋಹದ ಬಾಲ. ಅದರಲ್ಲಿ ಅಂದವೆಂಬುದು ಏನೂ ಇಲ್ಲ. ಕೋಲನ್ನು ಜಗ್ಗಿದರೆ ಮುಳುಗುತ್ತದೆ, ಬಿಟ್ಟರೆ ಗಾಯಗೊಂಡ ಮೀನಿನಂತೆ ತೇಲುತ್ತ ಮೇಲೇರುತ್ತದೆ. ಆ ಏರುವ ಗಳಿಗೆಯಲ್ಲಿಯೇ ಮಸ್ಕಿ ಎರಗುವುದು.

ಕಳೆದ ಜುಲೈಯಲ್ಲಿ ಎರಗಿದ್ದೂ ಅಂತಹ ಒಂದು ಮರದ ಎರೆಗೇ. ಮೂರು ಗಾಳ, ಒಂದೊಂದರಲ್ಲಿ ಮೂರು ಮೊನೆ, ಒಟ್ಟು ಒಂಬತ್ತು. ನೀರಿನ ಉಷ್ಣತೆ 80 ಡಿಗ್ರಿ ಫ್ಯಾರನ್‌ಹೀಟ್ ದಾಟಿತ್ತು. ಅಂತಹ ನೀರಿನಲ್ಲಿ ಆಮ್ಲಜನಕ ಕಡಮೆ, ಸೆಣಸಿ ದಣಿದ ಮಸ್ಕಿ ಚೇತರಿಸಿಕೊಳ್ಳಲಾರದು, ಆ ದಿನಗಳಲ್ಲಿ ಗಾಳ ಹಾಕದಿರುವುದೇ ಲೇಸು ಎಂಬುದನ್ನು ಓದಿ ಬಲ್ಲವನೇ ನಾನು. ಆದರೂ ಹೋದೆ. ಒಂದು ನೆರಳು ಎರೆಯನ್ನು ಹಿಂಬಾಲಿಸಿ ದೋಣಿಯವರೆಗೂ ಬಂತು. ಕೋಲಿನ ತುದಿಯನ್ನು ನೀರಿಗಿಳಿಸಿ, ಇಲ್ಲಿನ ರೂಢಿಯಂತೆ, ಇಂಗ್ಲಿಷ್ ಎಂಟರ ಆಕಾರದಲ್ಲಿ ಎರೆಯನ್ನು ಸುತ್ತಿಸಿದೆ. ಎರಡನೆಯ ಸುತ್ತಿನಲ್ಲಿ ಕಚ್ಚಿತು.

41 ಅಂಗುಲ. ಒಂದು ಗಾಳ ದವಡೆಯಲ್ಲಿ, ಇನ್ನೊಂದು ಕಿವಿರಿನ ಒಳಗೆ, ಮೂರನೆಯದು ಬಲೆಯಲ್ಲಿ. ಗಾಳವನ್ನೇ ಕತ್ತರಿಸುವ ಕತ್ತರಿ ನನ್ನಲ್ಲಿರಲಿಲ್ಲ, ಒಂದು ಇಕ್ಕಳವಿತ್ತು. ಬಿಡಿಸುವುದಕ್ಕೆ ಎಷ್ಟು ಹೊತ್ತು ಹಿಡಿಯಿತೆಂಬುದನ್ನು ಹೇಳಲು ಮನಸ್ಸಿಲ್ಲ. ಬಾಲವನ್ನು ಹಿಡಿದು ನೀರಿನಲ್ಲಿ ನೆಟ್ಟಗೆ ನಿಲ್ಲಿಸಿ ಕಾದೆ. ಕೈ ಬಿಟ್ಟಾಗಲೆಲ್ಲ ಬಿಳಿಯ ಹೊಟ್ಟೆ ಮೇಲಾಗಿ ಹೊರಳುತ್ತಿತ್ತು. ಹೊತ್ತು ಮುಳುಗುವವರೆಗೂ ಹಿಡಿದಿದ್ದೆ. ಅಷ್ಟು ದೊಡ್ಡದಾಗಲು ಅದಕ್ಕೆ ಹತ್ತಿರ ಹತ್ತಿರ ಹತ್ತು ವರ್ಷ ಬೇಕಾಗಿತ್ತು.

ಕಾನೂನಿನ ದೃಷ್ಟಿಯಿಂದ ತಪ್ಪೇನೂ ನಡೆದಿರಲಿಲ್ಲ. ಇಲ್ಲಿಯ ಬಹುಪಾಲು ಕೆರೆಗಳಲ್ಲಿ 40 ಅಂಗುಲ ಮೀರಿದ ಮಸ್ಕಿಯನ್ನು ದಿನಕ್ಕೊಂದರಂತೆ ಇಟ್ಟುಕೊಳ್ಳಬಹುದು. ಹಿಂದೆ ದೋಣಿಯ ಬಳಿಗೆ ಬಂದ ಮೀನನ್ನು ಪಿಸ್ತೂಲಿನಿಂದ ಹೊಡೆದು ಎತ್ತುವುದೂ ವಾಡಿಕೆಯಲ್ಲಿತ್ತು. 1966ರಲ್ಲಿ ಮಿನೆಸೋಟದಲ್ಲಿ ಮಸ್ಕಿ ಪ್ರಿಯರ ಸಂಘವೊಂದು ಹುಟ್ಟಿ, ಹಿಡಿದದ್ದನ್ನು ಬಿಡಬೇಕೆಂಬ ಮಾತನ್ನು ಹರಡಿತು. ಈಗ ಬಿಡುವುದೇ ರೂಢಿ. ನಾನೂ ಆ ರೂಢಿಯ ನೆರಳಿನಲ್ಲಿ ನಿಶ್ಚಿಂತನಾಗಿದ್ದವನು. ಸತ್ತ ಮೀನನ್ನು ನೆರೆಮನೆಯ ಮುದುಕನಿಗೆ ಕೊಟ್ಟೆ. ನನಗೆ ಈ ವಿದ್ಯೆ ಕಲಿಸಿದವನು ಆತನೇ. ಆತ ಬೈಯಲಿಲ್ಲ. ಚಾಕುವನ್ನು ಮಸೆಯುತ್ತ, "ಜುಲೈಯಲ್ಲಿ ನಾನು ಮಸ್ಕಿಗೆ ಹೋಗುವುದಿಲ್ಲ" ಎಂದಷ್ಟೇ ಹೇಳಿದ. ಕ್ರಿಸ್‌ಮಸ್ಸಿಗೆ ಆತನಿಂದ ಒಂದು ಪೊಟ್ಟಣ ಬಂತು. ಒಳಗೆ ಗಾಳ ಕತ್ತರಿಸುವ ಕತ್ತರಿ.

ಆದ್ದರಿಂದ ಈ ವರ್ಷದ ಆಯ್ಕೆಯಲ್ಲಿ ಬಣ್ಣಕ್ಕಿಂತ ಗಾಳಗಳ ಎಣಿಕೆಯೇ ಮುಂದಾಗಿದೆ. ಮೂರಿರುವ ಕಡೆ ನಡುವಿನದನ್ನು ತೆಗೆಯುತ್ತಿದ್ದೇನೆ. ಉಳಿದವುಗಳ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡುತ್ತಿದ್ದೇನೆ. ಮೀನು ತಪ್ಪಿಸಿಕೊಂಡರೆ ತಪ್ಪಿಸಿಕೊಳ್ಳಲಿ. ಆದರೆ ಗಾಳದ ತೂಕವೂ ಎರೆಯ ನಡಿಗೆಯ ಒಂದು ಭಾಗ. ಅದು ಹೋದರೆ ಎರೆ ಸಮತೂಕ ಕಳೆದುಕೊಂಡು ವಾಲುತ್ತದೆ. ಕೆರೆ ಹೆಪ್ಪುಗಟ್ಟಿರುವಾಗ ಇದನ್ನು ಪರೀಕ್ಷಿಸುವ ಸ್ಥಳ ಮನೆಯಲ್ಲಿ ಒಂದೇ. ಬಚ್ಚಲಿನ ತೊಟ್ಟಿಗೆ ನೀರು ತುಂಬಿ ಒಂದೊಂದನ್ನೇ ಎಳೆದು ನೋಡುತ್ತಿದ್ದಾಗ ನನ್ನಾಕೆ ಬಂದು ಬಾಗಿಲಿಗೊರಗಿ ನಿಂತಳು. ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಬಗ್ಗಿ, ಹಲ್ಲಿನ ಗೀರುಗಳಿದ್ದ ಆ ಜುಲೈಯ ಎರೆಯನ್ನು ಎತ್ತಿಕೊಂಡು, "ಇದೂ ಬರುತ್ತೋ?" ಎಂದಳು.

"ಇನ್ನೂ ಗೊತ್ತಿಲ್ಲ" ಎಂದೆ.

ಅದನ್ನು ಆಕೆಯೇ ನೀರಿಗಿಳಿಸಿ ದಾರವನ್ನು ಜಗ್ಗಿದಳು. ಅದು ಎಡಕ್ಕೆ ವಾಲಿಕೊಂಡು ತೊಟ್ಟಿಯ ಅಂಚಿಗೆ ಬಡಿಯಿತು. "ಇದು ನೆಟ್ಟಗೆ ಹೋಗೋದಿಲ್ಲಾಂದ್ರೆ. ಬೇಗ ಮುಗಿಸಿ, ನನಗೆ ಸ್ನಾನಕ್ಕೆ ಹೊತ್ತಾಯಿತು" ಎಂದು ಹೊರಟುಹೋದಳು. ನಾನು ಸೀಸದ ತಂತಿಯ ತುಂಡೊಂದನ್ನು ಹುಡುಕಿ, ಅದರ ಹೊಟ್ಟೆಯ ಕೊಕ್ಕೆಗೆ ಸುತ್ತತೊಡಗಿದೆ.