ಪೊರೆ ತೆಗೆದ ಮೇಲಿನ ನೋಟ

ಕಣ್ಣಿನ ಪಾಪೆಯ ಹಿಂದಿರುವ ಮಸೂರಕ್ಕೆ ರಕ್ತನಾಳವಿಲ್ಲ. ಅದರ ಮೂರನೇ ಎರಡು ಪಾಲು ನೀರು. ಉಳಿದದ್ದು ಬಹುತೇಕ ಕ್ರಿಸ್ಟಲಿನ್ ಎಂಬ ಪ್ರೋಟೀನು. ದೇಹದ ಬೇರೆ ಬಹುಪಾಲು ಪ್ರೋಟೀನುಗಳು ಹಳತಾದಂತೆ ಹೊಸದಾಗುತ್ತವೆ, ಇವು ಆಗುವುದಿಲ್ಲ. ಮಸೂರದ ನಡುಭಾಗದಲ್ಲಿರುವ ಪ್ರೋಟೀನಿಗೆ ಆ ಮನುಷ್ಯನಷ್ಟೇ ವಯಸ್ಸು. ಮುಪ್ಪು, ಸಕ್ಕರೆ ಕಾಯಿಲೆ, ಬಿಸಿಲಿನ ಅತಿನೇರಳೆ ಕಿರಣ, ಬೀಡಿ ಸಿಗರೇಟು, ದೀರ್ಘಕಾಲ ತೆಗೆದುಕೊಂಡ ಸ್ಟೀರಾಯ್ಡ್ ಇವುಗಳಿಂದ ಆ ಪ್ರೋಟೀನು ಗಂಟುಗಟ್ಟಿ ಬೆಳಕನ್ನು ಚದುರಿಸತೊಡಗುತ್ತದೆ. ಪೊರೆ ಎಂದರೆ ಇದೇ. ಕಣ್ಣಿನ ಮೇಲೆ ಬೆಳೆದು ಸುಲಿದು ತೆಗೆಯಬಹುದಾದ ಪದರವಲ್ಲ.

ಪೊರೆ ಬಂದಾಗ ಮೊದಲು ಕೆಡುವುದು ಅಕ್ಷರ ಓದುವ ಶಕ್ತಿಯೇ ಆಗಬೇಕಿಲ್ಲ. ಮಸೂರದ ನಡುಭಾಗ ಗಟ್ಟಿಯಾದರೆ ಸಮೀಪದೃಷ್ಟಿ ಹೆಚ್ಚಿ, ಕೆಲವು ವೃದ್ಧರು ಒಂದಷ್ಟು ಕಾಲ ಕನ್ನಡಕವಿಲ್ಲದೆಯೇ ಪತ್ರಿಕೆ ಓದುತ್ತಾರೆ. ಕಣ್ಣು ಸುಧಾರಿಸಿತೆಂದು ಮನೆಯವರು ಹಿಗ್ಗುತ್ತಾರೆ. ಅಷ್ಟರಲ್ಲಿ ನೆರಳು ಬೆಳಕಿನ ವ್ಯತ್ಯಾಸ ಮಾಸಿರುತ್ತದೆ, ನೀಲಿ ಬಣ್ಣ ಮಂಕಾಗಿರುತ್ತದೆ, ಎದುರು ಬೆಳಕು ಕಣ್ಣು ಕುಕ್ಕುತ್ತಿರುತ್ತದೆ. ಸಮುದ್ರಮಟ್ಟದಿಂದ 700 ಮೀಟರಿಗೂ ಮೇಲಿರುವ, ಕೇರಳದ ವಯನಾಡಿನಂಥ ಕಡೆ ಇದು ಸಣ್ಣ ನಷ್ಟವಲ್ಲ. ಕಾಫಿ ತೋಟದ ಮರಗಳ ನೆರಳಿನಲ್ಲಿ ಹಣ್ಣನ್ನಷ್ಟೇ ಆರಿಸಿ ಕಾಯಿ ಬಿಡಬೇಕು. ಮಳೆಯಲ್ಲಿ ನೆಂದ ಇಳಿಜಾರಿನ ಮೆಟ್ಟಿಲಿನ ಅಂಚು ಕಾಣಬೇಕು. ಮುತ್ತಂಗ, ತೋಲ್ಪೆಟ್ಟಿಯ ಕಾಡಂಚಿನಲ್ಲಿ ಮುಸ್ಸಂಜೆಗೆ ನಡೆಯುವವರು ಬೂದು ಮರಗಳ ನಡುವೆ ನಿಂತ ಬೂದು ಆನೆಯನ್ನು ಗುರುತಿಸಬೇಕು. ತಾಮರಶ್ಶೇರಿ ಘಾಟಿಯ 9 ಹೇರ್‌ಪಿನ್ ತಿರುವುಗಳಲ್ಲಿ ರಾತ್ರಿ ಗಾಡಿ ಓಡಿಸುವವರಿಗೆ ಎದುರಿನ ಹೆಡ್‌ಲೈಟೇ ಶತ್ರು. ಆಸ್ಪತ್ರೆಯ ಅಕ್ಷರದ ಪಟ ಇದಾವುದನ್ನೂ ಅಳೆಯುವುದಿಲ್ಲ.

ಪೊರೆಗೆ ಔಷಧವಿಲ್ಲ, ಶಸ್ತ್ರಚಿಕಿತ್ಸೆಯೊಂದೇ ದಾರಿ. ಬೀಳಗಿಯಲ್ಲಿ ಹುಟ್ಟಿ, ಜನರಿಂದ ‘ಕಣ್ಣು ಕೊಟ್ಟ ಅಣ್ಣ’ ಎನಿಸಿಕೊಂಡ ಡಾ. ಎಂ. ಸಿ. ಮೋದಿ ಊರೂರಿನಲ್ಲಿ ಶಿಬಿರ ನಡೆಸುತ್ತಿದ್ದ ಕಾಲದಲ್ಲಿ ಮಸೂರವನ್ನು ತೆಗೆದು ಸೋಡಾಬುಡ್ಡಿ ಕನ್ನಡಕ ಕೊಡುವುದು ರೂಢಿ. ಆ ಕನ್ನಡಕದಲ್ಲಿ ವಸ್ತು ಕಾಲುಭಾಗ ದೊಡ್ಡದಾಗಿ ಕಾಣುತ್ತದೆ, ಅಂಚಿನ ನೋಟ ಕಳೆದುಹೋಗುತ್ತದೆ. ಅದು ಒಡೆದರೆ ಮತ್ತೆ ಕುರುಡು. ಕಣ್ಣಿನೊಳಗೇ ಕೃತಕ ಮಸೂರವನ್ನು ಕೂರಿಸುವ ಕೆಲಸವನ್ನು ಲಂಡನ್ನಿನ ಹೆರಾಲ್ಡ್ ರಿಡ್ಲಿ 1949ರಲ್ಲೇ ಆರಂಭಿಸಿದ್ದರೂ ಭಾರತದ ಬಡವರಿಗೆ ಅದು ಎಟುಕಿದ್ದು, 1992ರಲ್ಲಿ ಮದುರೆಯ ಅರವಿಂದ್ ಕಣ್ಣಾಸ್ಪತ್ರೆಯವರ ಆರೋಲ್ಯಾಬ್ ಅಗ್ಗದ ಮಸೂರ ತಯಾರಿಸತೊಡಗಿದ ಮೇಲೆ. ಈಗ ಶಬ್ದಾತೀತ ಕಂಪನದಿಂದ ಮಸೂರವನ್ನು ಪುಡಿಮಾಡಿ, 3 ಮಿಲಿಮೀಟರಿಗಿಂತ ಚಿಕ್ಕ ಕೊಯ್ತದಿಂದ ಹೀರಿ ತೆಗೆಯುತ್ತಾರೆ. ಬಲಿತ ಪೊರೆಗೆ 6 ಮಿಲಿಮೀಟರಿನಷ್ಟು ಕೊಯ್ತದ, ಹೊಲಿಗೆ ಬೇಡದ ವಿಧಾನವೂ ಇದೆ. ಫಲಿತಾಂಶದಲ್ಲಿ ಅದೇನೂ ಬಡವರ ಪಾಲಿನ ಎರಡನೇ ದರ್ಜೆಯ ಚಿಕಿತ್ಸೆಯಲ್ಲ.

ಪಟ್ಟಿ ಬಿಚ್ಚಿದ ಮೇಲೆ ಹಲವರು ಮೊದಲು ಹೇಳುವುದು ನೀಲಿ ಬಣ್ಣದ ಮಾತು: ಹಳದಿಗಟ್ಟಿದ ಮಸೂರ ತಡೆದಿದ್ದ ಬೆಳಕು ಈಗ ಒಳಗೆ ಬರುತ್ತದೆ. ಬದುಕಿನ ಬದಲಾವಣೆಯನ್ನು ಅಳೆಯಲು ಭಾರತದ ಸಂಶೋಧಕರು 33 ಪ್ರಶ್ನೆಗಳ ಪಟ್ಟಿಯನ್ನೇ ರೂಪಿಸಿದ್ದಾರೆ. ದಿನನಿತ್ಯದ ಕೆಲಸ ಆಗುತ್ತದೆಯೇ, ಮನಸ್ಸಿನ ಮೇಲೆ ಮತ್ತು ಜನರೊಡನೆ ಬೆರೆಯುವುದರ ಮೇಲೆ ಏನು ಪರಿಣಾಮ, ಕಣ್ಣಿನ ತೊಂದರೆ ಎಷ್ಟು ಎಂದು ಅದು ಕೇಳುತ್ತದೆ. ಒಂದು ಕಣ್ಣಿಗೆ ಮಾತ್ರ ಶಸ್ತ್ರಚಿಕಿತ್ಸೆಯಾದರೆ ಆಳದ ಅಂದಾಜು ಪೂರ್ತಿ ಮರಳುವುದಿಲ್ಲ. ಬೆಟ್ಟದ ದಾರಿಗೆ ಎರಡೂ ಬೇಕು. ಸಕ್ಕರೆ ಕಾಯಿಲೆಯಿಂದ ಅಕ್ಷಿಪಟಲ ಹಾಳಾಗಿದ್ದರೆ ಮಾತ್ರ ಹೊಸ ಮಸೂರವೂ ಹೆಚ್ಚೇನೂ ಮಾಡದು. ಕೆಲವರಿಗೆ ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಮಸೂರದ ಹಿಂಬದಿಯ ಚೀಲ ಮಬ್ಬಾಗುತ್ತದೆ. ಅದಕ್ಕೆ ಲೇಸರ್ ಸಾಕು.

2015–19ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ 50 ದಾಟಿದವರ ಅಂಧತ್ವದಲ್ಲಿ ಶೇ. 66.2ಕ್ಕೆ ಪೊರೆಯೇ ಕಾರಣ. ವಯನಾಡಿನ ಜನಸಂಖ್ಯೆಯಲ್ಲಿ ಶೇ. 18.5ರಷ್ಟು ಪಣಿಯ, ಕುರಿಚ್ಯ, ಅಡಿಯ, ಕಾಟ್ಟುನಾಯ್ಕ ಮುಂತಾದ ಬುಡಕಟ್ಟುಗಳವರು (2011). ಕೇರಳದಲ್ಲಿ ಇದೇ ಅತಿ ಹೆಚ್ಚಿನ ಪಾಲು. ಮಾನಂದವಾಡಿಯ ಜಿಲ್ಲಾ ಆಸ್ಪತ್ರೆ ಸರ್ಕಾರಿ ಮೆಡಿಕಲ್ ಕಾಲೇಜಾದದ್ದು 2021ರಲ್ಲಷ್ಟೆ. ಕೂಲಿ ಬಿಟ್ಟು, ಜೊತೆಗೊಬ್ಬರನ್ನು ಕರೆದುಕೊಂಡು ಬರುವುದು ಕಾಡಂಚಿನ ಹಾಡಿಗಳವರಿಗೆ ಶಸ್ತ್ರಚಿಕಿತ್ಸೆಗಿಂತ ಕಷ್ಟ. ಅದರ ಮೇಲೆ ‘ಪೊರೆ ಇನ್ನೂ ಬಲಿಯಲಿ’ ಎಂಬ ಹಳೆಯ ಸಲಹೆ. ಅದು ಸೋಡಾಬುಡ್ಡಿ ಕಾಲದ ಮಾತು. ಅತಿಯಾಗಿ ಬಲಿತ ಪೊರೆ ಕಣ್ಣಿನ ಒತ್ತಡವನ್ನು ಏರಿಸಿ ನರವನ್ನೇ ಕೆಡಿಸಬಹುದು. ಆಮೇಲೆ ಹೋದ ದೃಷ್ಟಿ ಮರಳದು. ನೋಟ ಮಂಜಾಗಿ ದಿನದ ಕೆಲಸಕ್ಕೆ ತೊಡಕಾದೊಡನೆ ಕಣ್ಣಿನ ವೈದ್ಯರಿಗೆ ತೋರಿಸಬೇಕು.